ಎಣಿಕೆಗೆ ಬೇಕಾದವರು ಮಾತಿಗೆ ಬೇಡವೇ?

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಿಗೆ ಒಂದು ಚಿತ್ರ ಬೇಕೇ ಬೇಕು. ಹಾಡಿಯ ಅಜ್ಜಿಯೊಬ್ಬಳು ಮತಗಟ್ಟೆಯ ಮುಂದೆ ನಿಂತು ಶಾಯಿ ಹಚ್ಚಿದ ಬೆರಳು ತೋರಿಸುವ ಚಿತ್ರ. 2023ರ ವಿಧಾನಸಭಾ ಚುನಾವಣೆಯಲ್ಲಿ ಆಡಳಿತದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೈಸೂರು, ಕೊಡಗು, ಚಾಮರಾಜನಗರದ ಕಾಡಂಚಿನಲ್ಲಿ ಬುಡಕಟ್ಟು ಶೈಲಿಯ ಮತಗಟ್ಟೆಗಳೆದ್ದವು. ಬಿದಿರು, ಹುಲ್ಲು, ಹಸಿರು ತೋರಣದ ಸಿಂಗಾರ. ಪ್ರಜಾಪ್ರಭುತ್ವ ಕಾಡಿನ ಬಾಗಿಲಿಗೇ ಬಂತು ಎಂದು ನಾವೆಲ್ಲ ಸಂತೋಷಪಟ್ಟೆವು. ಫೋಟೋ ತೆಗೆದವರು ಊರಿಗೆ ಮರಳಿದರು, ಸಿಂಗಾರ ಬಾಡಿತು, ಎಣಿಕೆ ಮುಗಿಯಿತು.

ಆಮೇಲೆ ಯಾರೂ ಕೇಳದೆ ಉಳಿದ ಒಂದು ಪ್ರಶ್ನೆ ಇದೆ. ಆ ಅಜ್ಜಿ ಮತ ಹಾಕಿದ್ದು ಸರಿ. ಆಕೆಯ ಮಗನಿಗೋ ಮಗಳಿಗೋ ಯಾರಾದರೂ ಮತ ಹಾಕುವ ದಿನ ಈ ರಾಜ್ಯದಲ್ಲಿ ಬರುವುದುಂಟೇ?

ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ 15 ಸ್ಥಾನಗಳು ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿವೆ. 2023ರಲ್ಲಿ ಆ 15 ಸ್ಥಾನಗಳಿಂದ ಗೆದ್ದು ಬಂದವರಲ್ಲಿ ಒಬ್ಬ ಜೇನು ಕುರುಬನಿಲ್ಲ, ಒಬ್ಬ ಕೊರಗನಿಲ್ಲ, ಒಬ್ಬ ಸೋಲಿಗನಿಲ್ಲ, ಒಬ್ಬ ಸಿದ್ದಿಯಿಲ್ಲ. ಕಾಡು ಹುಟ್ಟಿದಾಗಿನಿಂದ ಕಾಡಿನಲ್ಲಿದ್ದವರ ಹೆಸರಿನಲ್ಲಿ ಮೀಸಲಾತಿ ಇದೆ. ಆದರೆ ಅವರೇ ಅದರಲ್ಲಿ ಇಲ್ಲ.

ಲೆಕ್ಕದ ಆಟ

ಇದು ಹೇಗಾಯಿತು ಎಂದು ತಿಳಿಯಲು ಯಾವ ಪಿತೂರಿಯನ್ನೂ ಹುಡುಕಬೇಕಾಗಿಲ್ಲ. ಸಾಮಾನ್ಯ ಲೆಕ್ಕ ಸಾಕು.

2011ರ ಜನಗಣತಿಯ ಪ್ರಕಾರ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 42 ಲಕ್ಷ 49 ಸಾವಿರ. ಪಟ್ಟಿಯಲ್ಲಿ ಐವತ್ತರಷ್ಟು ಸಮುದಾಯಗಳ ಹೆಸರುಗಳಿವೆ. ಅವುಗಳಲ್ಲಿ ನಾಯಕ ಸಮುದಾಯವೊಂದೇ ಸುಮಾರು 33 ಲಕ್ಷ, ಅಂದರೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚು. ಇನ್ನೊಂದು ತುದಿಯಲ್ಲಿ ಜೇನು ಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಕೊರಗರು ಸುಮಾರು 15 ಸಾವಿರ, ಸಿದ್ದಿಗಳು ಹತ್ತು ಸಾವಿರದ ಆಸುಪಾಸು. ಈ ನಾಲ್ಕೂ ಸಮುದಾಯಗಳ ಕೂಸು ಕುನ್ನಿಗಳನ್ನೆಲ್ಲ ಸೇರಿಸಿದರೂ ಒಂದು ಲಕ್ಷ ಮುಟ್ಟುವುದಿಲ್ಲ. ನಮ್ಮ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ ಎರಡೂಮುಕ್ಕಾಲು ಲಕ್ಷ ಜನರಿದ್ದಾರೆ. ಕೊಡಗಿನಿಂದ ಕಾರವಾರದವರೆಗೆ ಚದುರಿರುವ ಇವರೆಲ್ಲರನ್ನೂ ಒಂದೇ ಕ್ಷೇತ್ರದಲ್ಲಿ ತಂದು ಕೂಡಿಸಿದರೂ ಅಲ್ಲಿಯೂ ಅವರು ಅಲ್ಪಸಂಖ್ಯಾತರೇ!

ಎಷ್ಟು ಸ್ಥಾನ ಮೀಸಲಿಡಬೇಕು ಎಂಬುದನ್ನು ಸಂವಿಧಾನದ 332ನೇ ವಿಧಿ ಜನಸಂಖ್ಯೆಯ ಪ್ರಮಾಣಕ್ಕೆ ಕಟ್ಟಿದೆ. ಎಲ್ಲಿ ಮೀಸಲಿಡಬೇಕು ಎಂಬುದಕ್ಕೆ ಕ್ಷೇತ್ರ ಮರುವಿಂಗಡಣೆ ಕಾನೂನು ಒಂದು ಸೂತ್ರ ಕೊಟ್ಟಿದೆ: ಪರಿಶಿಷ್ಟ ಪಂಗಡಗಳ ಪ್ರಮಾಣ ಎಲ್ಲಿ ಅತಿ ಹೆಚ್ಚೋ ಅಲ್ಲಿ. ಪರಿಣಾಮವಾಗಿ ಈ 15 ಕ್ಷೇತ್ರಗಳು ಯಮಕನಮರಡಿ, ಸುರಪುರ, ರಾಯಚೂರು ಗ್ರಾಮಾಂತರ, ಮಾನ್ವಿ, ದೇವದುರ್ಗ, ಮಸ್ಕಿ, ಕಂಪ್ಲಿ, ಸಿರುಗುಪ್ಪ, ಬಳ್ಳಾರಿ ಗ್ರಾಮಾಂತರ, ಸಂಡೂರು, ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು ಎಂದು ಬಯಲುಸೀಮೆಯಲ್ಲೇ ಸಾಗುತ್ತವೆ. ಕಾಡಿನ ಜನರಿರುವ ದಕ್ಷಿಣದ ಕಡೆಗೆ ಇಳಿದು ಬಂದದ್ದು ಒಂದೇ ಒಂದು, ಹೆಗ್ಗಡದೇವನಕೋಟೆ. ಕೊರಗರು ಬದುಕುವ ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಒಂದು ಸ್ಥಾನವೂ ಇಲ್ಲ. ಸಿದ್ದಿಗಳ ಉತ್ತರ ಕನ್ನಡದಲ್ಲಿ ಇಲ್ಲ. ಸೋಲಿಗರ ಚಾಮರಾಜನಗರದಲ್ಲಿ ಇಲ್ಲ. ಯರವರ, ಜೇನು ಕುರುಬರ ಕೊಡಗಿನಲ್ಲಿ ಇಲ್ಲ.

ಕೊಡಗಿನ ಕತೆಯಂತೂ ವಿಚಿತ್ರವಾದದ್ದು. 2008ಕ್ಕಿಂತ ಮುಂಚೆ ಇಡೀ ರಾಜ್ಯದಲ್ಲಿ ಪರಿಶಿಷ್ಟ ಪಂಗಡಗಳಿಗೆ ಇದ್ದದ್ದು ಎರಡೇ ಸ್ಥಾನ. ಅವುಗಳಲ್ಲಿ ಒಂದು ಕೊಡಗಿನ ವಿರಾಜಪೇಟೆ. 2008ರ ಮರುವಿಂಗಡಣೆಯಲ್ಲಿ ಎರಡು ಇದ್ದದ್ದು ಹದಿನೈದಾಯಿತು, ಆದರೆ ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು. ಕೊಡಗಿನಲ್ಲಿ ಹತ್ತರಲ್ಲೊಬ್ಬ ಪರಿಶಿಷ್ಟ ಪಂಗಡದವನು. ಮೀಸಲಾತಿ ಏಳು ಪಟ್ಟು ಬೆಳೆದ ವರ್ಷವೇ ಅವನ ಪಾಲಿನ ಒಂದು ಬಾಗಿಲೂ ಮುಚ್ಚಿತು. ಈ ಬಗ್ಗೆ ಆಗ ಎಷ್ಟು ಸಂಪಾದಕೀಯಗಳು ಬಂದವು? ಎಷ್ಟು ಬಂದ್‌ಗಳಾದವು?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ನಾಯಕ ಸಮುದಾಯದ ಮೇಲಿನ ದೂರಲ್ಲ. ಬೇಡ, ವಾಲ್ಮೀಕಿ, ನಾಯಕ ಎಂಬ ಹೆಸರುಗಳು 1991ರಲ್ಲಿ ಪಟ್ಟಿ ಸೇರಿದ್ದು ಅವರ ದೀರ್ಘ ಹೋರಾಟದ ಫಲ. ರಾಯಚೂರು, ಬಳ್ಳಾರಿಗಳ ಹೊಲಗಳಲ್ಲಿ ಕೂಲಿ ಮಾಡುವ, ಗುಳೆ ಹೋಗುವ ನಾಯಕರ ಬಡತನ ಸುಳ್ಳಲ್ಲ. ಅವರ ಪಾಲನ್ನು ಕಿತ್ತು ಇನ್ನೊಬ್ಬರಿಗೆ ಕೊಡಿ ಎಂದು ಹೇಳುವವರು ಬಡವರನ್ನು ಬಡವರ ಮೇಲೆ ಎತ್ತಿಕಟ್ಟುವವರು. ನಮ್ಮ ಜಗಳ ಇರುವುದು ವ್ಯವಸ್ಥೆಯ ಜೊತೆ. ಐವತ್ತು ಸಮುದಾಯಗಳನ್ನು ಒಂದೇ ಚೀಲಕ್ಕೆ ತುಂಬಿ, ಚೀಲದ ತೂಕ ನೋಡಿ, 'ನಿಮಗೆಲ್ಲ ನ್ಯಾಯ ಸಿಕ್ಕಿತು' ಎಂದು ರಸೀದಿ ಬರೆದುಕೊಡುವ ವ್ಯವಸ್ಥೆಯ ಜೊತೆ.

ಹೆಸರು ಕೊಟ್ಟವರು, ಹಕ್ಕು ಕೊಡದವರು

1946ರ ಡಿಸೆಂಬರ್ 19ರಂದು ಸಂವಿಧಾನ ರಚನಾ ಸಭೆಯಲ್ಲಿ ಒಬ್ಬ ವ್ಯಕ್ತಿ ಎದ್ದು ನಿಂತರು. ಹೆಸರು ಜೈಪಾಲ್ ಸಿಂಗ್ ಮುಂಡಾ. ಛೋಟಾ ನಾಗಪುರದ ಆದಿವಾಸಿ. ಆಕ್ಸ್‌ಫರ್ಡ್‌ನಲ್ಲಿ ಓದಿದವರು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ಗೆ ಹೋಗಿ ಚಿನ್ನ ಗೆದ್ದು ಬಂದ ಭಾರತದ ಹಾಕಿ ತಂಡದ ನಾಯಕ. ತಾನೊಬ್ಬ ಜಂಗ್ಲಿ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ ಎಂದರು ಅವರು. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಕಲಿಸಲು ಹೋಗಬೇಡಿ, ನೀವೇ ಅವರಿಂದ ಕಲಿಯಬೇಕಾದೀತು ಎಂದು ದೇಶದ ಘಟಾನುಘಟಿಗಳ ಮುಂದೆ ಹೇಳಿದರು.

ಅವರು ಬಯಸಿದ ಒಂದು ಸಣ್ಣ ಸಂಗತಿ, ಸಂವಿಧಾನದಲ್ಲಿ 'ಆದಿವಾಸಿ' ಎಂಬ ಪದ. ಅದು ಸಿಗಲಿಲ್ಲ. ಆ ಪದಕ್ಕೆ ನಿಶ್ಚಿತವಾದ ಕಾನೂನಿನ ಅರ್ಥವಿಲ್ಲ, 'ಪರಿಶಿಷ್ಟ ಪಂಗಡ' ಎಂದರೆ ಪಟ್ಟಿಯಿರುತ್ತದೆ, ಗೊಂದಲವಿರುವುದಿಲ್ಲ ಎಂಬುದು ಅಂಬೇಡ್ಕರ್ ಅವರ ವಾದ. ಕಾನೂನು ಪಂಡಿತರಾಗಿ ಅವರ ಮಾತಿನಲ್ಲಿ ತೂಕವಿತ್ತು. ಪಟ್ಟಿಯಿಲ್ಲದೆ ಮೀಸಲಾತಿ ಇಲ್ಲ. ಆದರೆ ಜೈಪಾಲರ ಮಾತಿನಲ್ಲಿಯೂ ಒಂದು ಸತ್ಯವಿತ್ತು. 'ಆದಿವಾಸಿ' ಎಂದರೆ ಈ ನೆಲದ ಜೊತೆ ಮೊದಲ ಸಂಬಂಧವುಳ್ಳವನು ಎಂಬ ಹಕ್ಕಿನ ಮಾತು. 'ಪರಿಶಿಷ್ಟ' ಎಂದರೆ ಸರಕಾರ ಪಟ್ಟಿಯಲ್ಲಿ ಬರೆದುಕೊಂಡವನು. ಒಂದರಲ್ಲಿ ಹಕ್ಕು ಅವನದು, ಇನ್ನೊಂದರಲ್ಲಿ ಕೃಪೆ ನಮ್ಮದು.

ಪಟ್ಟಿಯ ಕೃಪೆ ಎಂತಹದೆಂದು ಬೆಟ್ಟ ಕುರುಬರನ್ನು ಕೇಳಬೇಕು. ಕಾಡು ಕುರುಬ ಎಂಬ ಹೆಸರು ಪಟ್ಟಿಯಲ್ಲಿತ್ತು. ಅದೇ ಜನ ತಮ್ಮನ್ನು ಬೆಟ್ಟ ಕುರುಬ ಎಂದು ಕರೆದುಕೊಂಡದ್ದೇ ಅಪರಾಧವಾಯಿತು. ಒಂದು ಪದದ ವ್ಯತ್ಯಾಸಕ್ಕೆ ಜಾತಿ ಪ್ರಮಾಣಪತ್ರವಿಲ್ಲದೆ ತಲೆಮಾರುಗಳು ಕಳೆದವು. ಸುಮಾರು ಐದು ಸಾವಿರ ಜನರ ಈ ಸಮುದಾಯದ ಹೆಸರನ್ನು ಸೇರಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರಿನಲ್ಲಿ. ಒಂದು ಹೆಸರು ಬರೆಯಲು ಗಣರಾಜ್ಯಕ್ಕೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಸದನದಲ್ಲಿ ಅವರದೇ ಒಂದು ದನಿ ಇದ್ದಿದ್ದರೆ ಇಷ್ಟು ಕಾಲ ಬೇಕಾಗುತ್ತಿತ್ತೇ?

ಈಗ ಪಟ್ಟಿಯಿಂದ ಹೆಸರು ತೆಗೆಯುವ ಮಾತೂ ಕೇಳಿಬರುತ್ತಿದೆ. ಮತಾಂತರಗೊಂಡ ಆದಿವಾಸಿಗಳನ್ನು ಕೈಬಿಡಿ ಎಂಬ ಕೂಗು ದೇಶದ ಹಲವೆಡೆ ಎದ್ದಿದೆ. ಪರಿಶಿಷ್ಟ ಜಾತಿಗಳ 1950ರ ಆದೇಶದಲ್ಲಿ ಧರ್ಮದ ಷರತ್ತು ಇದೆ, ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಇಲ್ಲ. ಏಕೆ ಇಲ್ಲ ಎಂಬುದಕ್ಕೆ ಯಲ್ಲಾಪುರ, ಹಳಿಯಾಳದ ಸಿದ್ದಿಗಳೇ ಉತ್ತರ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಲ್ಪಟ್ಟವರ ಸಂತತಿ ಮೂರು ಧರ್ಮಗಳಲ್ಲಿ ಹಂಚಿಹೋದರೂ ಅವರು ಒಂದೇ ಜನ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಾಗ ಯಾರೂ ಅವರ ದೇವರ ಹೆಸರು ಕೇಳಲಿಲ್ಲ. ಕೇಳಬಾರದು ಕೂಡ. ಹೊಟ್ಟೆಯ ಹಸಿವಿಗೂ ಹಾಡಿಯ ಕತ್ತಲೆಗೂ ಧರ್ಮವಿಲ್ಲ.

ದನಿ ಇಲ್ಲದ ಮನೆಯಲ್ಲಿ ಏನಾಗುತ್ತದೆ?

ಪ್ರಾತಿನಿಧ್ಯ ಎಂಬುದು ಕುರ್ಚಿಯ ಆಸೆ ಎಂದು ತಿಳಿದವರು ನಾಗರಹೊಳೆಗೆ ಹೋಗಿ ಬರಬೇಕು. 1970ರ ದಶಕದಿಂದ ಅಲ್ಲಿಂದ ಎಬ್ಬಿಸಲ್ಪಟ್ಟವರ ಸ್ಥಿತಿಯನ್ನು ತಿಳಿಯಲು ಹೈಕೋರ್ಟು ಒಂದು ಸಮಿತಿ ರಚಿಸಿತು. ಅದರ ನೇತೃತ್ವ ವಹಿಸಿದ್ದವರು 2025ರ ಜನವರಿಯಲ್ಲಿ ನಮ್ಮನ್ನಗಲಿದ ಪ್ರೊ. ಮುಜಾಫರ್ ಅಸ್ಸಾದಿ. 2014ರಲ್ಲಿ ಬಂದ ಆ ವರದಿ 3,418 ಕುಟುಂಬಗಳನ್ನು ಗುರುತಿಸಿತು. ಆ ಲೆಕ್ಕ ಸರಕಾರದ ಮುಂದೆ ಇದೆ, ಆದರೆ ಅದಕ್ಕೆ ತಕ್ಕ ನೆಲ ಜನರ ಕೈ ಸೇರಲಿಲ್ಲ. ಇನ್ನೊಂದು ವರದಿ ಡಾ. ಮಹಮ್ಮದ್ ಪೀರ್ ಅವರದು, 1994ರದು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಎಂದಿತು ಅದು. ಪ್ರತಿವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುವ ಕೊರಗರು ಆ ವರದಿಯ ಹೆಸರನ್ನು ಇಂದಿಗೂ ಹೇಳುತ್ತಲೇ ಇದ್ದಾರೆ. ವಿಧಾನಸೌಧದ ಬೀರುಗಳಲ್ಲಿ ಇಂತಹ ವರದಿಗಳು ಮಲಗಿರುತ್ತವೆ. ಎಬ್ಬಿಸಲು ಒಳಗೆ ಒಬ್ಬ ಬೇಕು.

ಅಜಲು ಪದ್ಧತಿಯನ್ನೇ ನೋಡಿ. ಮೇಲ್ಜಾತಿಯವರ ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುವ, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಅವರನ್ನು ಓಡಿಸುವ ಅಮಾನವೀಯತೆ. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಬುದ್ಧಿವಂತರ ಜಿಲ್ಲೆ ಎಂದು ಬೆನ್ನು ತಟ್ಟಿಕೊಳ್ಳುವ ನಮ್ಮ ಕರಾವಳಿಯಿಂದ ಆರಿಸಿ ಹೋದ ಅಷ್ಟೊಂದು ಶಾಸಕರಿಗೆ ಅಲ್ಲಿಯವರೆಗೆ ಇದು ಕಾಣಲೇ ಇಲ್ಲವೇ? ಕಂಡಿರಬೇಕು. ಕಂಡದ್ದು ನೋಯಲಿಲ್ಲ, ಅಷ್ಟೇ. ಅನ್ನ ಉಂಡವನ ನಾಲಗೆಗೆ ಗೊತ್ತಿರುವ ರುಚಿ ಬಡಿಸಿದವನಿಗೆ ಗೊತ್ತಿರುವುದಿಲ್ಲ.

ಇದಕ್ಕೂ ಭಯಾನಕವಾದ ಸಂಗತಿ ಇನ್ನೊಂದಿದೆ. 2001 ಮತ್ತು 2011ರ ಜನಗಣತಿಗಳ ನಡುವೆ ರಾಜ್ಯದ ಜನಸಂಖ್ಯೆ ಏರಿತು, ಕೊರಗರ ಸಂಖ್ಯೆ ಇಳಿಯಿತು. ಅಪೌಷ್ಟಿಕತೆ, ಕಾಯಿಲೆಗಳಿಂದ ಒಂದು ಜನಾಂಗ ಕರಗುತ್ತಿದೆ. ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಎಂಬ ಸೂತ್ರವನ್ನು ಇಂತಹವರಿಗೆ ಹಚ್ಚಿದರೆ ಅದರ ಅರ್ಥವೇನು? ನೀವು ಸಾಯುತ್ತಾ ಹೋದಷ್ಟೂ ನಿಮ್ಮ ಮಾತಿನ ಹಕ್ಕು ಕಡಿಮೆಯಾಗುತ್ತಾ ಹೋಗುತ್ತದೆ ಎಂದಲ್ಲವೇ? ಯಾರಿಗೆ ದನಿ ಅತ್ಯಂತ ಅಗತ್ಯವೋ ಅವರಿಗೆ ಅದನ್ನು ನಿರಾಕರಿಸುವ ಲೆಕ್ಕ ಇದು.

2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸುತ್ತೇವೆ ಎಂದು ಅದರ ಪೀಠಿಕೆಯೇ ಒಪ್ಪಿಕೊಂಡಿತು. ಹಕ್ಕಿನ ಅರ್ಜಿ ಇತ್ಯರ್ಥವಾಗುವ ತನಕ ಯಾರನ್ನೂ ಒಕ್ಕಲೆಬ್ಬಿಸಬಾರದು ಎಂದಿತು. ಈ ಕಾಯ್ದೆಯ ಕೆಳಗೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅದು ಸೋಲಿಗರ ಸಂಘಟನೆಯ ಗೆಲುವು. ಆದರೆ ಆ ಬೆಟ್ಟದಿಂದ ದೂರವೇನೂ ಅಲ್ಲದ ನಾಗರಹೊಳೆಯಲ್ಲಿ, 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನು ಕುರುಬ ಕುಟುಂಬಗಳು ತಮ್ಮ ಹಿರಿಯರ ಹಾಡಿ ಕರಡಿಕಲ್ಲಿಗೆ ಮರಳಿ ಹೋದಾಗ ಅವರೆದುರು ನಿಂತದ್ದು ಅರಣ್ಯ ಇಲಾಖೆ ಮತ್ತು ಪೊಲೀಸರು. ಹಿರಿಯರ ಗೋರಿಗಳಿರುವ ನೆಲಕ್ಕೆ ಕಾಲಿಟ್ಟವರು ಅತಿಕ್ರಮಣಕಾರರು! ಸಫಾರಿ ವಾಹನದಲ್ಲಿ ಕ್ಯಾಮರಾ ಹಿಡಿದು ಬರುವವರು ಅತಿಥಿಗಳು!

ಹೊಸದೇನನ್ನೂ ಕೇಳುತ್ತಿಲ್ಲ

'ಇಷ್ಟು ಸಣ್ಣ ಸಮುದಾಯಗಳಿಗೆಲ್ಲ ಸ್ಥಾನ ಕೊಡಲು ಸಾಧ್ಯವೇ? ಕೊಡುತ್ತಾ ಹೋದರೆ ಕೊನೆಯೆಲ್ಲಿ?' ಎಂದು ಬುದ್ಧಿವಂತರು ಕೇಳುತ್ತಾರೆ. ಸಾಧ್ಯವಿದೆ. ನಾವು ಕೊಟ್ಟು ಅನುಭವವಿದೆ.

ನಮ್ಮ ವಿಧಾನಸಭೆಯಲ್ಲಿ ದಶಕಗಳ ಕಾಲ 224ರ ಮೇಲೆ ಇನ್ನೊಬ್ಬರು ಕೂರುತ್ತಿದ್ದರು. ಆಂಗ್ಲೋ ಇಂಡಿಯನ್ ಸಮುದಾಯದ ನಾಮನಿರ್ದೇಶಿತ ಸದಸ್ಯರು. ಚುನಾವಣೆಯಲ್ಲಿ ಗೆಲ್ಲುವಷ್ಟು ಸಂಖ್ಯೆ ಆ ಸಮುದಾಯಕ್ಕಿಲ್ಲ ಎಂದೇ ಸಂವಿಧಾನದ 333ನೇ ವಿಧಿ ಆ ಅವಕಾಶ ಕೊಟ್ಟಿತ್ತು. 2020ರ ಜನವರಿಯಲ್ಲಿ ಅದು ಕೊನೆಗೊಂಡಿತು. ಸಂಖ್ಯೆ ಸಣ್ಣದು ಎಂಬುದು ಅವರ ವಿಷಯದಲ್ಲಿ ಸ್ಥಾನ ಕೊಡಲು ಕಾರಣವಾಗಿತ್ತು. ಕೊರಗರ ವಿಷಯದಲ್ಲಿ ಕೊಡದಿರಲು ಕಾರಣವಾಗುತ್ತದೆ!

ಸಿಕ್ಕಿಂನ ವಿಧಾನಸಭೆಯಲ್ಲಿ 32 ಸ್ಥಾನಗಳಿವೆ. 12 ಸ್ಥಾನ ಭುಟಿಯಾ ಮತ್ತು ಲೆಪ್ಚಾ ಜನರಿಗೆ ಮೀಸಲು. ಇನ್ನೊಂದು ಸ್ಥಾನದ ಹೆಸರು ಸಂಘ. ಅದಕ್ಕೆ ಭೂಪಟದಲ್ಲಿ ಗಡಿಯೇ ಇಲ್ಲ. ಬೌದ್ಧ ಮಠಗಳ ಭಿಕ್ಕುಗಳು ಎಲ್ಲಿದ್ದರೂ ಆ ಸ್ಥಾನಕ್ಕೆ ಮತ ಹಾಕುತ್ತಾರೆ. ಸುಪ್ರೀಂ ಕೋರ್ಟ್ 1993ರಲ್ಲಿ ಇದನ್ನು ಎತ್ತಿಹಿಡಿಯಿತು. ಚದುರಿ ಹೋದ ಭಿಕ್ಕುಗಳಿಗೆ ಗಡಿಯಿಲ್ಲದ ಕ್ಷೇತ್ರ ಸಾಧ್ಯವಾದರೆ ಚದುರಿ ಹೋದ ಆದಿವಾಸಿಗಳಿಗೆ ಏಕಾಗದು? 2023ರ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ಮಾಡಿ ಜಮ್ಮು ಕಾಶ್ಮೀರದ ವಿಧಾನಸಭೆಗೆ ಕಾಶ್ಮೀರಿ ವಲಸಿಗರಿಂದ ಇಬ್ಬರನ್ನು, ಪಾಕ್ ಆಕ್ರಮಿತ ಕಾಶ್ಮೀರದಿಂದ ಬಂದ ನಿರ್ವಸಿತರಿಂದ ಒಬ್ಬರನ್ನು ನಾಮನಿರ್ದೇಶನ ಮಾಡಲು ಅವಕಾಶ ಕೊಟ್ಟಿತು. ನೆಲೆ ಕಳೆದುಕೊಂಡವರಿಗೆ ಸದನದಲ್ಲಿ ದನಿ ಬೇಕು ಎಂಬುದೇ ಅದರ ತರ್ಕ. ಒಳ್ಳೆಯ ತರ್ಕ. ನಾಗರಹೊಳೆಯ ನಿರ್ವಸಿತರಿಗೆ ಅದು ಅನ್ವಯಿಸುವುದಿಲ್ಲವೇ?

ಹೊರದೇಶದ ಮಾತು ಬೇಕಿದ್ದರೆ ನ್ಯೂಜಿಲೆಂಡ್ ಇದೆ. ವಸಾಹತುಶಾಹಿಗಳೇ ಆಳುತ್ತಿದ್ದ 1867ರಲ್ಲೇ ಅಲ್ಲಿ ಮಾವೊರಿಗಳಿಗೆ ಪ್ರತ್ಯೇಕ ಸ್ಥಾನಗಳು ಬಂದವು. ಇನ್ನು ಆಸ್ಟ್ರೇಲಿಯಾ: ಅಲ್ಲಿನ ಮೂಲನಿವಾಸಿಗಳಿಗೆ ಸಂಸತ್ತಿಗೆ ಸಲಹೆ ಕೊಡುವ ಒಂದು ಮಂಡಳಿ ಬೇಕೇ ಎಂದು 2023ರ ಅಕ್ಟೋಬರ್ 14ರಂದು ಜನಮತ ಕೇಳಿದರು. ನೂರರಲ್ಲಿ ಅರವತ್ತು ಜನ ಬೇಡ ಎಂದರು. ನಾಚಿಕೆಯ ಫಲಿತಾಂಶವೇ. ಆದರೂ ಅವರು ಪ್ರಶ್ನೆಯನ್ನಾದರೂ ಕೇಳಿದರು. 2007ರಲ್ಲಿ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ಆಸ್ಟ್ರೇಲಿಯಾ ವಿರೋಧವಾಗಿ ಮತ ಹಾಕಿತ್ತು, ಭಾರತ ಪರವಾಗಿ ಹಾಕಿತ್ತು. ಜೊತೆಗೆ, ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂದೂ ಹೇಳಿತು. ಎಲ್ಲರೂ ಮೂಲನಿವಾಸಿಗಳಾದರೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ ಎಂಬ ಜಾಣತನ ಇದು.

ಹಾಗಾದರೆ ಆಗಬೇಕಾದ್ದೇನು?

ಮೊದಲನೆಯದಕ್ಕೆ ಯಾವ ತಿದ್ದುಪಡಿಯೂ ಬೇಡ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11 ನಾಮನಿರ್ದೇಶನದವು. ಸೋತವರಿಗೆ, ಟಿಕೆಟ್ ಸಿಗದೆ ಮುನಿಸಿಕೊಂಡವರಿಗೆ ಪುನರ್ವಸತಿ ಕೇಂದ್ರವಾಗಿರುವ ಈ 11ರಲ್ಲಿ ಎರಡನ್ನು ಕಾಡಿನ ಸಮುದಾಯಗಳಿಗೆ ಸರದಿಯ ಮೇಲೆ ಕೊಡುತ್ತೇವೆ ಎಂದು ಪಕ್ಷಗಳು ಒಪ್ಪಿದರೆ ಸಾಕು. 2020ರ ಜುಲೈಯಲ್ಲಿ ಶಾಂತಾರಾಮ ಸಿದ್ದಿ ಅವರನ್ನು ಹೀಗೆ ನಾಮನಿರ್ದೇಶನ ಮಾಡಲಾಯಿತು. ರಾಜ್ಯದ ಶಾಸನಸಭೆಯ ಮೆಟ್ಟಿಲೇರಿದ ಮೊದಲ ಸಿದ್ದಿ ಅವರು. ಮಾಡಿದ ಪಕ್ಷದ ಸಿದ್ಧಾಂತವನ್ನು ನಾವು ಒಪ್ಪದಿರಬಹುದು, ಮಾಡಿದ ಕೆಲಸವನ್ನು ಒಪ್ಪಬೇಕು. ಒಬ್ಬರಿಗೆ ಕೊಟ್ಟದ್ದು ಉಡುಗೊರೆಯಾಗಿ ನಿಲ್ಲಬಾರದು, ಸಂಪ್ರದಾಯವಾಗಬೇಕು. ಸಾಮಾಜಿಕ ನ್ಯಾಯದ ಹೆಸರು ಹೇಳುವ ಪಕ್ಷಗಳು ಈ ವಿಷಯದಲ್ಲಿ ಏಕೆ ಹಿಂದೆ ಬಿದ್ದವು ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿ.

ಎರಡನೆಯದು, ಸಂವಿಧಾನದ ಐದನೇ ಅನುಸೂಚಿ. ಹತ್ತು ರಾಜ್ಯಗಳಲ್ಲಿ ಅನುಸೂಚಿತ ಪ್ರದೇಶಗಳಿವೆ, ಕರ್ನಾಟಕದಲ್ಲಿ ಒಂದು ಅಂಗುಲವೂ ಇಲ್ಲ. ಹೀಗಾಗಿ ಆದಿವಾಸಿ ಗ್ರಾಮಸಭೆಗೆ ತನ್ನ ನೆಲ, ಕಿರು ಅರಣ್ಯ ಉತ್ಪನ್ನಗಳ ಮೇಲೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯೂ ಇಲ್ಲಿಗೆ ಬರುವುದಿಲ್ಲ. ಘೋಷಿಸಲು ರಾಷ್ಟ್ರಪತಿಗಳ ಆದೇಶ ಸಾಕು. ಕೇಳಲು ರಾಜ್ಯಕ್ಕೆ ಮನಸ್ಸು ಬೇಕು.

ಮೂರನೆಯದು, ಮುಂದಿನ ಕ್ಷೇತ್ರ ಮರುವಿಂಗಡಣೆ. ವಿಧಾನಸಭೆಯ ಮೀಸಲು ಸ್ಥಾನಗಳ ಈಗಿನ ಅವಧಿ 2030ರ ಜನವರಿಗೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ತಿದ್ದುಪಡಿ ತರುವಾಗ, ಅತಿ ಸಣ್ಣ ಆದಿವಾಸಿ ಸಮುದಾಯಗಳಿಗೆ ಗಡಿಯಿಲ್ಲದ ಒಂದೆರಡು ಸ್ಥಾನಗಳನ್ನು ಅದೇ ತಿದ್ದುಪಡಿಯಲ್ಲಿ ಬರೆಯಲಿ. 15 ಸ್ಥಾನಗಳನ್ನು ಮುಟ್ಟುವುದು ಬೇಡ, ಅವುಗಳ ಮೇಲೆ ಸೇರಿಸಲಿ. ಇನ್ನು ಉದ್ಯೋಗ ಮತ್ತು ಶಿಕ್ಷಣದ ಒಳಮೀಸಲಾತಿಗೆ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ದಾರಿ ತೆರೆದುಕೊಟ್ಟಿದೆ. 2022ರಲ್ಲಿ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಮೂರರಿಂದ ಏಳಕ್ಕೆ ಏರಿಸಿದ ರಾಜ್ಯ, ಆ ಏಳರಲ್ಲಿ ಜೇನು ಕುರುಬರ ಮಗಳಿಗೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಲಿ.

ಸರಕಾರ ಏನನ್ನೂ ಕೊಡುತ್ತಿಲ್ಲ ಎಂದು ಹೇಳುವುದು ತಪ್ಪಾದೀತು. ಹಾಡಿಗಳಿಗೆ ಪೌಷ್ಟಿಕ ಆಹಾರದ ಚೀಲ ಹೋಗುತ್ತದೆ. ಮೊಟ್ಟೆ, ಬೇಳೆ, ಬೆಲ್ಲ, ಎಣ್ಣೆ ಹೋಗುತ್ತದೆ. ಹಸಿದವನಿಗೆ ಅದು ಬೇಕು. ಆದರೆ ಚೀಲದಲ್ಲಿ ಏನಿರಬೇಕು, ಯಾವಾಗ ಬರಬೇಕು, ಚೀಲದ ಅಗತ್ಯವೇ ಬಾರದಂತೆ ಕಾಡಿನ ಗೆಣಸು, ಜೇನುಗಳ ಮೇಲಿನ ಹಕ್ಕು ಯಾರಿಗಿರಬೇಕು ಎಂದು ಹೇಳುವ ಜಾಗದಲ್ಲಿ ಅವನಿಲ್ಲ. ಕೈಯೊಡ್ಡುವ ಸಾಲಿನಲ್ಲಿ ಮಾತ್ರ ಅವನಿಗೆ ಮೊದಲ ಸ್ಥಾನ.

ಸಂಖ್ಯೆಯಲ್ಲಿ ಕಡಿಮೆ ಇರುವವರ ಅಳಲು ಏನೆಂದು ಈ ದೇಶದಲ್ಲಿ ಹಲವರಿಗೆ ಗೊತ್ತಿದೆ. ಅಂತಹವರು ತಮ್ಮ ಪಾಲಿನ ಪ್ರಾತಿನಿಧ್ಯ ಕೇಳುವಾಗ ತಮಗಿಂತ ಸಣ್ಣವರ ಹೆಸರನ್ನೂ ಜೊತೆಗೆ ಹೇಳುವುದನ್ನು ಕಲಿಯಬೇಕು. ಹೇಳದೆ ಹೋದರೆ ನಮ್ಮ ಬೇಡಿಕೆ ಕೂಡ ಬರೀ ಲೆಕ್ಕದ ಜಗಳವಾಗಿ ಉಳಿದೀತು.

ಮುಂದಿನ ಚುನಾವಣೆಯಲ್ಲಿಯೂ ಬಿದಿರಿನ ಮತಗಟ್ಟೆಗಳು ಏಳಬಹುದು. ಅಜ್ಜಿ ಮತ್ತೆ ಬಂದು ಬೆರಳು ತೋರಿಸಬಹುದು. ಆ ಚಿತ್ರವನ್ನು ಅಚ್ಚು ಹಾಕುವ ಮುನ್ನ ನಮ್ಮ ಸಂಪಾದಕರು ಮತಯಂತ್ರದ ಮೇಲಿನ ಹೆಸರುಗಳನ್ನೂ ಒಮ್ಮೆ ಓದಲಿ. ಅಲ್ಲಿ ಅಜ್ಜಿಯ ಹಾಡಿಯ ಹೆಸರೊಂದು ಕಾಣುವ ತನಕ ಆ ಚಿತ್ರದ ಕೆಳಗೆ 'ಪ್ರಜಾಪ್ರಭುತ್ವದ ಹಬ್ಬ' ಎಂದು ಬರೆಯುವುದು ಬೇಡ.